ಮೈಯ ಆರೋಗ್ಯ, ಮಂಡಿಯ ಆಯಸ್ಸು

ವೈದ್ಯರು ಆಸ್ಟಿಯೊಆರ್ಥ್ರೈಟಿಸ್ ಎಂದು ಕರೆಯುವ ಕೀಲುಸವೆತ ಜಗತ್ತಿನಲ್ಲಿ ಅತಿ ಹೆಚ್ಚು ಜನರನ್ನು ಕಾಡುವ ಕೀಲುರೋಗ. 2020ರ ಅಂದಾಜಿನಂತೆ ಸುಮಾರು 59.5 ಕೋಟಿ ಜನರಿಗೆ ಅದು ಇತ್ತು. ಭಾರತದಲ್ಲಿ 1990ರಲ್ಲಿ ಸುಮಾರು 2.3 ಕೋಟಿಯಷ್ಟಿದ್ದ ರೋಗಿಗಳ ಸಂಖ್ಯೆ 2019ರ ಹೊತ್ತಿಗೆ 6.2 ಕೋಟಿ ದಾಟಿತು. ಬೆಂಗಳೂರೂ ಸೇರಿ ದೇಶದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನಲವತ್ತು ದಾಟಿದವರ ಪೈಕಿ ನೂರಕ್ಕೆ ಸುಮಾರು 29 ಮಂದಿಗೆ ಮಂಡಿಯ ಸವೆತ ಕಂಡುಬಂದಿತ್ತು. ಸೊಂಟದ ಕೀಲು, ಬೆರಳಿನ ಗೆಣ್ಣು, ಬೆನ್ನುಮೂಳೆಯ ಕೀಲುಗಳಿಗೂ ಈ ರೋಗ ತಗಲುತ್ತದೆ. ನಮ್ಮ ನಾಡಿನಲ್ಲಂತೂ ಅದು ಮುಖ್ಯವಾಗಿ ಮಂಡಿಯ ರೋಗ, ಅದರಲ್ಲೂ ಹೆಂಗಸರ ಮಂಡಿಯ ರೋಗ.

ಕೀಲೆಂದರೆ ಎರಡು ಎಲುಬು ಕೂಡುವ ಜಾಗವಷ್ಟೇ ಅಲ್ಲ. ಎಲುಬಿನ ತುದಿಗೆ ನುಣ್ಣನೆಯ ಮೃದ್ವಸ್ಥಿಯ ಹೊದಿಕೆಯಿದೆ. ಕೀಲನ್ನು ಒಂದು ಚೀಲ ಸುತ್ತುವರಿದಿದೆ, ಚೀಲದ ಒಳಪದರ ಜಾರುವ ದ್ರವವನ್ನು ಸ್ರವಿಸುತ್ತದೆ. ಮಂಡಿಯಲ್ಲಾದರೆ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳು, ಚಿಪ್ಪಿನ ಕೆಳಗೆ ಕೊಬ್ಬಿನ ಒಂದು ಗದ್ದುಗೆ, ಎಲುಬುಗಳನ್ನು ಬಿಗಿದು ಹಿಡಿಯುವ ಕಟ್ಟುನಾರುಗಳು, ಇಷ್ಟನ್ನೂ ಆಡಿಸುವ ತೊಡೆಯ ಸ್ನಾಯುಗಳು. ರೋಗ ಬಲಿತಾಗ ಇವುಗಳಲ್ಲಿ ಯಾವುದೂ ಮೊದಲಿನಂತೆ ಉಳಿಯುವುದಿಲ್ಲ. ಮೃದ್ವಸ್ಥಿ ತೆಳುವಾಗಿ ಬಿರುಕು ಬಿಡುತ್ತದೆ, ಅಡಿಯ ಎಲುಬು ಗಡುಸಾಗಿ ಅಂಚಿನಲ್ಲಿ ಮೊಳೆಯಂತೆ ಬೆಳೆಯುತ್ತದೆ, ಒಳಪದರ ಊದಿಕೊಳ್ಳುತ್ತದೆ, ಸ್ನಾಯು ಸೊರಗುತ್ತದೆ.

ಎತ್ತಿನಗಾಡಿಯ ಅಚ್ಚು ಓಡಿ ಓಡಿ ಸವೆದಂತೆ ಮಂಡಿಯೂ ಸವೆಯುತ್ತದೆ ಎಂಬ ತಿಳಿವಳಿಕೆ ಬಹುಕಾಲ ವೈದ್ಯಲೋಕದಲ್ಲೂ ಇತ್ತು. ಕಳೆದ ಮೂರು ನಾಲ್ಕು ದಶಕಗಳ ಸಂಶೋಧನೆ ಅದನ್ನು ಅಲುಗಾಡಿಸಿದೆ. ಅಚ್ಚಿಗೆ ಜೀವವಿಲ್ಲ, ಮಂಡಿಗೆ ಇದೆ. ಅದು ರಕ್ತದ ಸಕ್ಕರೆಗೆ, ಹೊಟ್ಟೆಯ ಕೊಬ್ಬಿಗೆ, ಹಾರ್ಮೋನುಗಳ ಏರಿಳಿತಕ್ಕೆ, ನಿದ್ದೆಗೆ, ಮನಸ್ಸಿನ ಕುಗ್ಗುವಿಕೆಗೆ ಸ್ಪಂದಿಸುತ್ತದೆ. ಹಾಗಾಗಿ ಮಂಡಿಯ ಎಕ್ಸ್‌ರೇ ನೋಡಿ, ಇಡೀ ಮೈಯನ್ನು ನೋಡದೆ ಕಳಿಸುವ ಚಿಕಿತ್ಸೆ ಅರ್ಧ ಚಿಕಿತ್ಸೆಯೇ ಸರಿ.

ಕಬ್ಬು, ಭತ್ತ ಮತ್ತು ಮಂಡಿ

ಈ ವಿಷಯವನ್ನು ಅರ್ಥಮಾಡಿಕೊಳ್ಳಲು ಮಂಡ್ಯ ಜಿಲ್ಲೆಯ ಭಾರತೀನಗರದಂಥ ಊರು ತಕ್ಕ ಜಾಗ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿರುವ ಈ ಊರು ಹಳಬರ ಬಾಯಲ್ಲಿ ಇಂದಿಗೂ ಕೆ.ಎಂ. ದೊಡ್ಡಿ. ಸಕ್ಕರೆ ಕಾರ್ಖಾನೆ, ಭಾರತೀ ಕಾಲೇಜು, ಸುತ್ತ ಕಬ್ಬು ಮತ್ತು ಭತ್ತದ ಬಯಲು. ಕೃಷ್ಣರಾಜಸಾಗರದ ನೀರು 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿಯತೊಡಗಿದ ಮೇಲೆ ರಾಗಿ, ಹುರುಳಿ ಬೆಳೆಯುತ್ತಿದ್ದ ಮಂಡ್ಯ ಸೀಮೆಯ ಖುಷ್ಕಿ ನೆಲ ಗದ್ದೆಯಾಯಿತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಶುರುವಾಯಿತು, ಊರೂರಲ್ಲಿ ಆಲೆಮನೆಗಳೆದ್ದವು. ಬೆಳೆ ಬದಲಾದಂತೆ ಮೈಯ ದುಡಿಮೆಯೂ ಬದಲಾಯಿತು, ತಟ್ಟೆಯ ಊಟವೂ ಬದಲಾಯಿತು. ಈ ಎರಡು ಬದಲಾವಣೆಗಳೂ ಮಂಡಿಗೆ ಬಂದು ಸೇರುತ್ತವೆ.

ಮೊದಲು ದುಡಿಮೆ. ಭತ್ತದ ನಾಟಿಯೆಂದರೆ ಕೆಸರಿನಲ್ಲಿ ನಿಂತು ಬೆನ್ನು ಬಗ್ಗಿಸಿ ಗಂಟೆಗಟ್ಟಲೆ ಹಿಂದಕ್ಕೆ ಸರಿಯುವ ಕೆಲಸ. ಹೂತ ಕಾಲನ್ನು ಪ್ರತಿ ಹೆಜ್ಜೆಗೂ ಕಿತ್ತು ತೆಗೆಯಬೇಕು. ಕಳೆ ಕೀಳುವುದು ಕುಕ್ಕರುಗಾಲಿನಲ್ಲಿ. ಕಬ್ಬನ್ನು ಬುಡಕ್ಕೆ ಕಡಿಯಬೇಕು, ಕಟ್ಟನ್ನು ತಲೆಯ ಮೇಲೆ ಹೊತ್ತು ಲಾರಿಗೆ ಏರಿಸಬೇಕು. ಹಿಪ್ಪುನೇರಳೆ ಸೊಪ್ಪು ತಂದು ರೇಷ್ಮೆಹುಳುವಿಗೆ ಹಾಕುವ ಮನೆಗಳಲ್ಲಿ ಬಗ್ಗುವುದಕ್ಕೂ ಏಳುವುದಕ್ಕೂ ಲೆಕ್ಕವಿಲ್ಲ. ಮನೆಗೆ ಬಂದರೆ ನೆಲದ ಮೇಲೆ ಕೂತು ಅಡುಗೆ, ಕೊಟ್ಟಿಗೆಯಲ್ಲಿ ಕುಕ್ಕರಿಸಿ ಹಾಲು ಕರೆಯುವುದು, ಬಟ್ಟೆ ಒಗೆಯುವುದು. ದಿನಕ್ಕೆ ಹಲವು ಗಂಟೆ ಕುಕ್ಕರಿಸುವುದು ಮತ್ತು ಭಾರ ಎತ್ತುವುದು, ಇವೆರಡೂ ಕೂಡಿದ ಉದ್ಯೋಗಗಳಲ್ಲಿ ಮಂಡಿಸವೆತ ಹೆಚ್ಚೆಂದು ಅಮೆರಿಕ, ಬ್ರಿಟನ್ನಿನ ಅಧ್ಯಯನಗಳು ತೋರಿಸಿವೆ. ಬೀಜಿಂಗಿನ ವೃದ್ಧರ ನಡುವೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರೆಯದಲ್ಲಿ ದಿನವೂ ಬಹಳ ಹೊತ್ತು ಕುಕ್ಕರಿಸುತ್ತಿದ್ದವರಿಗೆ ಮುಪ್ಪಿನಲ್ಲಿ ಮಂಡಿಸವೆತದ ಸಂಭವ ಹೆಚ್ಚಿತ್ತು.

ಇಷ್ಟಕ್ಕೇ ನಿಂತರೆ ದುಡಿಮೆಯೇ ರೋಗದ ಮೂಲ ಎಂದಾಗುತ್ತದೆ. ಆದರೆ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಕೆಲಸವೊಂದು ಬೇರೆ ದಿಕ್ಕು ತೋರಿಸುತ್ತದೆ. ಐವತ್ತು ದಾಟಿ ತೀರಿಹೋದ ಎರಡು ಸಾವಿರಕ್ಕೂ ಹೆಚ್ಚು ಅಮೆರಿಕನ್ನರ ಅಸ್ಥಿಪಂಜರಗಳ ಮಂಡಿಗಳನ್ನು ಅವರು ಪರೀಕ್ಷಿಸಿದರು. ಸಾವಿರಾರು ವರ್ಷಗಳ ಹಿಂದಿನ ಬೇಟೆಗಾರರು ಮತ್ತು ರೈತರಲ್ಲಿ ನೂರಕ್ಕೆ 8, ಹತ್ತೊಂಬತ್ತನೆಯ ಶತಮಾನ ಮತ್ತು ಇಪ್ಪತ್ತನೆಯದರ ಆರಂಭದ ಕೈಗಾರಿಕಾ ಕಾಲದವರಲ್ಲಿ ನೂರಕ್ಕೆ 6, ಇಪ್ಪತ್ತನೆಯ ಶತಮಾನದ ಕೊನೆಯವರಲ್ಲಿ ನೂರಕ್ಕೆ 16 ಮಂದಿಗೆ ಮಂಡಿ ಸವೆದಿತ್ತು. ವಯಸ್ಸು ಮತ್ತು ತೂಕವನ್ನು ಲೆಕ್ಕಕ್ಕೆ ಹಿಡಿದ ಮೇಲೂ ರೋಗ ಎರಡು ಪಟ್ಟಾಗಿತ್ತು. ಮೈಮುರಿದು ದುಡಿದ ತಲೆಮಾರುಗಳಿಗಿಂತ ಕೂತು ಬಾಳಿದ ತಲೆಮಾರಿನ ಮಂಡಿಯೇ ಹೆಚ್ಚು ಕೆಟ್ಟಿತ್ತು. ಕೀಲಿಗೆ ಅತಿಭಾರವೂ ಆಗದು, ಆಡದೆ ಇರುವುದೂ ಆಗದು.

ಭಾರತೀನಗರದ ಸುತ್ತಿನ ಹಳ್ಳಿಗಳಲ್ಲಿ ಈ ಎರಡೂ ಒಂದೇ ಬದುಕಿನಲ್ಲಿ ಒಂದರ ಹಿಂದೆ ಒಂದು ಬರಬಹುದು. ಇಪ್ಪತ್ತರಿಂದ ನಲವತ್ತೈದರವರೆಗೆ ಗದ್ದೆಯಲ್ಲಿ ಬಗ್ಗಿ ದುಡಿದ ಹೆಂಗಸು, ಮಕ್ಕಳು ಕೈಗೆ ಬಂದ ಮೇಲೆ, ನಾಟಿಗೆ ಯಂತ್ರವೋ ಕೂಲಿಯಾಳೋ ಬಂದ ಮೇಲೆ ಮನೆಯಲ್ಲಿ ಉಳಿಯುತ್ತಾಳೆ. ತೊಡೆಯ ಬಲ ಇಳಿಯುತ್ತದೆ, ಸೊಂಟದ ಸುತ್ತಳತೆ ಏರುತ್ತದೆ, ಅದೇ ವರ್ಷಗಳಲ್ಲಿ ಮುಟ್ಟು ನಿಲ್ಲುತ್ತದೆ. ಹಿಂದಿನ ಅತಿಭಾರ ಮಾಡಿಟ್ಟ ಗಾಯದ ಮೇಲೆ ಇಂದಿನ ನಿಶ್ಚಲತೆ ಬಂದು ಕೂರುತ್ತದೆ. ರೋಗ ತಲೆಯೆತ್ತುವುದು ಈ ಹೊತ್ತಿನಲ್ಲಿ.

ರಕ್ತನಾಳವಿಲ್ಲದ ಅಂಗಾಂಶ

ಮೃದ್ವಸ್ಥಿಯ ಸ್ವಭಾವ ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ. ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ತೂಕದ ಮುಕ್ಕಾಲು ಪಾಲು ನೀರು. ಉಳಿದದ್ದು ಕೊಲ್ಯಾಜನ್ ಎಂಬ ನಾರಿನ ಬಲೆ, ಆ ಬಲೆಯೊಳಗೆ ನೀರನ್ನು ಹಿಡಿದಿಡುವ ಅಗ್ರಿಕ್ಯಾನ್ ಎಂಬ ದೊಡ್ಡ ಅಣುಗಳು. ಜೀವಕೋಶಗಳು ಅಲ್ಲೊಂದು ಇಲ್ಲೊಂದು, ಗಾತ್ರದ ನೂರನೇ ಒಂದೆರಡು ಪಾಲಿನಷ್ಟು ಮಾತ್ರ. ಹೆಜ್ಜೆ ಇಟ್ಟಾಗ ಮೃದ್ವಸ್ಥಿ ಅದುಮಿಕೊಂಡು ದ್ರವ ಹೊರಬರುತ್ತದೆ, ಕಾಲೆತ್ತಿದಾಗ ಮತ್ತೆ ಒಳಸೇರುತ್ತದೆ. ಜೀವಕೋಶಗಳಿಗೆ ಅನ್ನ ಸಿಗುವುದು ಈ ಒತ್ತು–ಬಿಡುವಿನಲ್ಲಿ. ನಡೆಯದೆ ಕೂತ ಮಂಡಿಯ ಮೃದ್ವಸ್ಥಿ ಉಪವಾಸ ಬೀಳುತ್ತದೆ.

ಇನ್ನೊಂದು ಸಂಗತಿ. ಮೃದ್ವಸ್ಥಿಯ ಕೊಲ್ಯಾಜನ್ ಒಮ್ಮೆ ಹೆಣೆದುಕೊಂಡರೆ ಹೆಚ್ಚುಕಡಿಮೆ ಜೀವಮಾನವಿಡೀ ಅದೇ ಉಳಿಯುತ್ತದೆ. ಅದರ ಅರ್ಧಭಾಗ ಹೊಸದಾಗಲು ನೂರು ವರ್ಷಕ್ಕೂ ಹೆಚ್ಚು ಬೇಕೆಂದು ಅಳೆಯಲಾಗಿದೆ. ಚರ್ಮದಂತೆ, ರಕ್ತದಂತೆ ಹಳತನ್ನು ಕಳಚಿ ಹೊಸತನ್ನು ಕಟ್ಟುವ ಸವಲತ್ತು ಅದಕ್ಕಿಲ್ಲ. ಐವತ್ತು ವರ್ಷ ರಕ್ತದಲ್ಲಿ ಏನೇನು ಹರಿಯಿತೋ ಅದರ ಗುರುತನ್ನೆಲ್ಲ ಅದು ಇಟ್ಟುಕೊಂಡಿರುತ್ತದೆ. ಕೀಲುದ್ರವ ಬೇರೆಲ್ಲಿಂದಲೋ ಬರುವುದಿಲ್ಲ, ಒಳಪದರದ ರಕ್ತನಾಳಗಳಿಂದಲೇ ಸೋಸಿಬರುತ್ತದೆ. ರಕ್ತ ಕೆಟ್ಟರೆ ಆ ದ್ರವ ಕೆಡುತ್ತದೆ.

ತೂಕ: ಭಾರವೂ ಹೌದು, ರಾಸಾಯನಿಕವೂ ಹೌದು

ತೂಕ ಮಂಡಿಗೆ ಕೆಟ್ಟದ್ದು ಎಂಬುದು ಎಲ್ಲರಿಗೂ ಗೊತ್ತು. ಅದು ಎಷ್ಟು ಎಂಬುದು ಅಷ್ಟಾಗಿ ಗೊತ್ತಿಲ್ಲ. ಅಳತೆಯ ಸಾಧನ ಅಡಗಿಸಿಟ್ಟ ಕೃತಕ ಮಂಡಿಗಳಿಂದ ತಿಳಿದಂತೆ, ಸಮನೆಲದಲ್ಲಿ ನಡೆಯುವಾಗ ಮಂಡಿಯ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಮೂರೂವರೆ ಪಟ್ಟು. ಮಂಡಿಸವೆತವಿದ್ದ ದಪ್ಪ ಮೈಯವರ ನಡಿಗೆಯನ್ನು ಅಳೆದ ಅಮೆರಿಕದ ಅಧ್ಯಯನವೊಂದು 2005ರಲ್ಲಿ ಹೇಳಿದ್ದು: ಮೈಯಿಂದ ಒಂದು ಕೆ.ಜಿ. ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯಿಂದ ನಾಲ್ಕು ಕೆ.ಜಿ. ಇಳಿದಂತೆ. ದಿನಕ್ಕೆ ಸಾವಿರಾರು ಹೆಜ್ಜೆ ಇಡುವ ಮಂಡಿಗೆ ಇದು ಸಣ್ಣ ಉಳಿತಾಯವಲ್ಲ. ಫ್ರೇಮಿಂಗ್‌ಹ್ಯಾಮ್ ಎಂಬ ಅಮೆರಿಕದ ಊರಿನಲ್ಲಿ ದಶಕಗಳ ಕಾಲ ನಡೆದ ಪ್ರಸಿದ್ಧ ಅಧ್ಯಯನದ 1992ರ ವರದಿಯಂತೆ, ಹತ್ತು ವರ್ಷದಲ್ಲಿ ಸುಮಾರು 5 ಕೆ.ಜಿ. ತೂಕ ಇಳಿಸಿದ ಹೆಂಗಸರಿಗೆ ನೋವಿನ ಮಂಡಿಸವೆತ ಬರುವ ಸಂಭವ ಅರ್ಧಕ್ಕಿಂತ ಕಡಿಮೆಯಾಯಿತು.

ಆದರೆ ಬೆರಳಿನ ಗೆಣ್ಣುಗಳ ಮೇಲೆ ಯಾರೂ ನಡೆಯುವುದಿಲ್ಲ. ಆದರೂ ದಪ್ಪ ಮೈಯವರಿಗೆ ಕೈಬೆರಳುಗಳ ಕೀಲುಸವೆತವೂ ಹೆಚ್ಚಾಗಿಯೇ ಬರುತ್ತದೆ. ಕೊಬ್ಬು ಭಾರ ಹೇರುವುದರ ಜೊತೆಗೆ ಇನ್ನೇನೋ ಮಾಡುತ್ತಿದೆ ಎಂಬ ಸುಳಿವು ಸಿಕ್ಕಿದ್ದು ಇಲ್ಲಿಂದ. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನು ಪತ್ತೆಯಾದ ಮೇಲೆ ಕೊಬ್ಬಿನ ಬಗೆಗಿದ್ದ ಕಲ್ಪನೆಯೇ ಬದಲಾಯಿತು. ಕೊಬ್ಬು ಸುಮ್ಮನೆ ಬಿದ್ದಿರುವ ದಾಸ್ತಾನಲ್ಲ, ಅದು ರಕ್ತಕ್ಕೆ ಹತ್ತಾರು ಸಂದೇಶಗಳನ್ನು ಬಿಡುವ ಗ್ರಂಥಿ. ಲೆಪ್ಟಿನ್ ಕೀಲುದ್ರವದಲ್ಲೂ ಸಿಕ್ಕಿತು, ಸವೆದ ಮೃದ್ವಸ್ಥಿಯಲ್ಲೂ ಸಿಕ್ಕಿತು. ಹೊಟ್ಟೆಯೊಳಗಿನ ಕೊಬ್ಬು ಇಂಟರ್‌ಲ್ಯೂಕಿನ್-6ರಂಥ ಉರಿಯೂತದ ರಾಸಾಯನಿಕಗಳನ್ನು ನಿತ್ಯವೂ ಒಂದಿಷ್ಟು ಬಿಡುತ್ತಿರುತ್ತದೆ. ಜ್ವರ ಬರುವಷ್ಟಲ್ಲ, ಮೈಗೆ ತಿಳಿಯುವಷ್ಟೂ ಅಲ್ಲ. ಆದರೆ ಕೀಲಿನ ಒಳಪದರಕ್ಕೆ ತಿಳಿಯುತ್ತದೆ. ಅಲ್ಲಿ ಊತ ಶುರುವಾದರೆ, ಕೊಲ್ಯಾಜನ್ನನ್ನೂ ಅಗ್ರಿಕ್ಯಾನನ್ನೂ ಕತ್ತರಿಸುವ ಕಿಣ್ವಗಳನ್ನು ಮೃದ್ವಸ್ಥಿಯ ಜೀವಕೋಶಗಳೇ ತಯಾರಿಸತೊಡಗುತ್ತವೆ. ಮನೆ ಕಾಯಬೇಕಾದವರೇ ಗೋಡೆ ಕೆಡವುವ ಸ್ಥಿತಿ.

ಭಾರತೀಯರ ಮೈಯಲ್ಲಿ ಈ ಕೊಬ್ಬು ಸಣಕಲು ಕೈಕಾಲುಗಳ ನಡುವೆ ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಅದಕ್ಕೇ ನಮ್ಮಲ್ಲಿ ದೇಹತೂಕ ಸೂಚ್ಯಂಕ 23 ದಾಟಿದರೆ ಹೆಚ್ಚು, 25 ದಾಟಿದರೆ ಬೊಜ್ಜು ಎಂದು ಎಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಬಾರದು. ತಕ್ಕಡಿ ಇಲ್ಲದ ಮನೆಯಲ್ಲೂ ಟೈಲರ್ ಟೇಪು ಸಿಗುತ್ತದೆ. ಮಂಡಿನೋವಿನವರಿಗೆ ಅದು ಎಕ್ಸ್‌ರೇಯಷ್ಟೇ ಉಪಯುಕ್ತ.

ಸಕ್ಕರೆ ಕಾಯಿಲೆ ಮತ್ತು ಕೀಲು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರಂತೆ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ, ನೂರಕ್ಕೆ 35 ವಯಸ್ಕರಿಗೆ ಅಧಿಕ ರಕ್ತದೊತ್ತಡ, ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಬೊಜ್ಜು. ಹಳ್ಳಿಗಳು ಇದರಿಂದ ಹೊರಗುಳಿದಿಲ್ಲ. ಭಾರತೀನಗರದ ಯಾವ ಔಷಧಿ ಅಂಗಡಿಯ ಮುಂದೆ ನಿಂತರೂ ಶುಗರ್, ಬಿಪಿ, ಮಂಡಿನೋವು ಎಂಬ ಮೂರು ಮಾತುಗಳು ಒಂದೇ ಉಸಿರಿನಲ್ಲಿ ಕಿವಿಗೆ ಬೀಳುತ್ತವೆ. ಅವು ಒಟ್ಟಿಗೆ ಬರುವುದಕ್ಕೆ ಕಾರಣಗಳಿವೆ.

ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದು ಪ್ರೋಟೀನುಗಳಿಗೆ ಅಂಟಿಕೊಂಡು, ನಾರು ನಾರುಗಳ ನಡುವೆ ಬೇಡದ ಬೆಸುಗೆ ಹಾಕುತ್ತದೆ. ಬೇಗ ಬದಲಾಗುವ ಪ್ರೋಟೀನಿನಲ್ಲಿ ಈ ಬೆಸುಗೆ ಕೆಲವು ವಾರಗಳಲ್ಲಿ ಹೋಗಿಬಿಡುತ್ತದೆ. ಮಧುಮೇಹಿಗಳ ಮೂರು ತಿಂಗಳ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ರಕ್ತಕಣಗಳಲ್ಲಿನ ಇಂಥ ಅಂಟನ್ನೇ ಅಳೆಯುವುದು. ಜೀವಮಾನವಿಡೀ ಬದಲಾಗದ ಮೃದ್ವಸ್ಥಿಯ ಕೊಲ್ಯಾಜನ್ನಿನಲ್ಲಿ ಅದು ಸೇರುತ್ತಲೇ ಹೋಗುತ್ತದೆ. ನಾರು ಪೆಡಸಾಗಿ, ಬಳುಕುವ ಗುಣ ಕಳೆದುಕೊಂಡು ಬಿರಿಯುತ್ತದೆ. ಜೊತೆಗೆ ಮಧುಮೇಹ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ, ಸ್ನಾಯುವನ್ನು ಕರಗಿಸುತ್ತದೆ, ಪಾದದ ನರಗಳನ್ನು ಮಂದ ಮಾಡಿ ಹೆಜ್ಜೆಯ ಅಂದಾಜು ತಪ್ಪಿಸುತ್ತದೆ. ತೂಕದ ಪಾಲನ್ನು ಕಳೆದ ಮೇಲೆ ಮಧುಮೇಹದ ಸ್ವಂತ ಪಾಲು ಎಷ್ಟುಳಿಯುತ್ತದೆ ಎಂಬ ಬಗ್ಗೆ ಸಂಶೋಧಕರಲ್ಲಿ ಇನ್ನೂ ಒಮ್ಮತವಿಲ್ಲ. ಮಧುಮೇಹಿಯ ಸವೆದ ಮಂಡಿ ಹೆಚ್ಚು ನೋಯುತ್ತದೆ ಎಂಬುದಕ್ಕೆ ಮಾತ್ರ ಪುರಾವೆ ಗಟ್ಟಿಯಾಗುತ್ತಿದೆ.

ಸಕ್ಕರೆ ಕಾಯಿಲೆಗೂ ಕೀಲಿಗೂ ನಂಟಿದೆ ಎಂಬುದಕ್ಕೊಂದು ಹೊಸ ಬೆಂಬಲ ಆಸ್ಟ್ರೇಲಿಯಾದಿಂದ ಬಂದಿದೆ. ಮಧುಮೇಹವಿಲ್ಲದ, ತೂಕ ಹೆಚ್ಚಿದ್ದ, ಮಂಡಿಸವೆತದ 107 ಮಂದಿಯ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆರು ತಿಂಗಳು ಮೆಟ್‌ಫಾರ್ಮಿನ್ ತೆಗೆದುಕೊಂಡವರ ನೋವು, ಸುಳ್ಳುಮಾತ್ರೆ ತೆಗೆದುಕೊಂಡವರಿಗಿಂತ ಹೆಚ್ಚು ಇಳಿಯಿತು. ಸಕ್ಕರೆ ಕಾಯಿಲೆಯ ಅಗ್ಗದ ಮಾತ್ರೆಯೊಂದು ಮಂಡಿಗೆ ನೆರವಾದದ್ದು ಗಮನಿಸಬೇಕಾದ ಸಂಗತಿ, ಆದರೆ ಪ್ರಯೋಗ ಸಣ್ಣದು. ಸ್ವಂತ ನಿರ್ಧಾರದಿಂದ ಯಾರೂ ಈ ಮಾತ್ರೆ ನುಂಗಬಾರದು.

ಹೆಂಗಸರ ಮಂಡಿ

ಜಗತ್ತಿನ ಕೀಲುಸವೆತದ ರೋಗಿಗಳಲ್ಲಿ ನೂರಕ್ಕೆ ಅರವತ್ತು ಮಂದಿ ಹೆಂಗಸರು. ಮುಟ್ಟು ನಿಲ್ಲುವ ವಯಸ್ಸಿನಿಂದ ಮುಂದೆ ಈ ಅಂತರ ಹಿಗ್ಗುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದಾಗ ಎಲುಬು, ಸ್ನಾಯು ಎರಡೂ ಕ್ಷೀಣಿಸುತ್ತವೆ, ಕೊಬ್ಬು ತೊಡೆಯಿಂದ ಹೊಟ್ಟೆಗೆ ಸರಿಯುತ್ತದೆ, ನಿದ್ದೆ ಕೆಡುತ್ತದೆ. ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಿಕೊಂಡ ಹೆಂಗಸರಿಗೆ ಈ ಬದಲಾವಣೆ ಹತ್ತಿಪ್ಪತ್ತು ವರ್ಷ ಮೊದಲೇ ಬಂದೆರಗುತ್ತದೆ.

ಕರ್ನಾಟಕದ ಹೆಂಗಸರ ಬಗ್ಗೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಎರಡು ಅಂಕಿ ಕೊಡುತ್ತದೆ, ಎರಡನ್ನೂ ಒಟ್ಟಿಗೆ ಓದಬೇಕು. 15ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ ತೂಕ ಹೆಚ್ಚು, ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಹೊಟ್ಟೆ ತುಂಬುತ್ತಿದೆ, ಮೈಗೆ ಬೇಕಾದದ್ದು ಸಿಗುತ್ತಿಲ್ಲ. ರಕ್ತಹೀನತೆಯಿಂದ ದಣಿವು, ದಣಿವಿನಿಂದ ಓಡಾಟ ಕಡಿಮೆ, ಓಡಾಟವಿಲ್ಲದೆ ಸ್ನಾಯು ಸೊರಗುವುದು, ಸೊರಗಿದ ಸ್ನಾಯು ಹೊರಲಾರದ ಭಾರ ನೇರ ಮಂಡಿಯ ಮೇಲೆ. ತೊಡೆಯ ಮುಂಭಾಗದ ಸ್ನಾಯುವಿನ ದೌರ್ಬಲ್ಯ ಹಲವರಲ್ಲಿ ನೋವಿಗಿಂತ ಮೊದಲೇ ಇರುತ್ತದೆ ಎಂದು 1990ರ ದಶಕದಲ್ಲೇ ಗೊತ್ತಾಗಿತ್ತು.

ಊಟದ ಮಾತು ಬರುವುದು ಇಲ್ಲಿಯೇ. ನೀರಾವರಿಯ ಜೊತೆ ಅನ್ನ ತಟ್ಟೆಯ ದೊಡ್ಡ ಪಾಲು ಪಡೆಯಿತು. ಮಂಡ್ಯದ ಮನೆಗಳು ಮುದ್ದೆಯನ್ನು ಬಿಡಲಿಲ್ಲ ಎಂಬುದು ಒಳ್ಳೆಯ ಸಂಗತಿ. ನೂರು ಗ್ರಾಂ ರಾಗಿಯಲ್ಲಿ 360 ಮಿಲಿಗ್ರಾಂನಷ್ಟು ಸುಣ್ಣದ ಅಂಶವಿದೆ, ಅಕ್ಕಿಗಿಂತ ಹಲವು ಪಟ್ಟು ನಾರಿದೆ. ಉಪ್ಸಾರು, ಬಸ್ಸಾರುಗಳಲ್ಲಿ ಸೊಪ್ಪು ಕಾಳು ಎರಡೂ ಬರುತ್ತವೆ. ಕೊರತೆ ಇರುವುದು ಪ್ರಮಾಣದಲ್ಲಿ: ಮುದ್ದೆ ದೊಡ್ಡದು, ಸಾರಿನೊಳಗಿನ ಕಾಳು ಕಡಿಮೆ, ಮನೆಯ ಹೆಂಗಸಿನ ಪಾಲಿಗೆ ಇನ್ನೂ ಕಡಿಮೆ. ಸ್ನಾಯು ಕಟ್ಟುವುದು ಪ್ರೋಟೀನಿನಿಂದ. ಅವರೆ, ಹುರುಳಿ, ಅಲಸಂದೆ, ಮೊಟ್ಟೆ, ಮೊಸರು ಇವುಗಳ ಪಾಲು ಏರಿ, ಅನ್ನ ಮತ್ತು ಬೆಲ್ಲ–ಸಕ್ಕರೆಯ ಪಾಲು ಇಳಿಯಬೇಕು. ಬೆಲ್ಲ ಸಕ್ಕರೆಗಿಂತ ನಿರಪಾಯ ಎಂಬ ನಂಬಿಕೆ ಆಲೆಮನೆಗಳ ಸೀಮೆಯಲ್ಲಿ ಬಲವಾಗಿದೆ. ರಕ್ತದ ಸಕ್ಕರೆಯ ಮಟ್ಟಿಗೆ ಎರಡರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ನಾರಿನ ಅಂಶ ಕರುಳಿನ ಸೂಕ್ಷ್ಮಜೀವಿಗಳ ಮೂಲಕ ಕೀಲನ್ನೂ ಮುಟ್ಟಬಹುದೆಂಬ ಸುಳಿವಿದೆ. ಬೊಜ್ಜಿನ ಇಲಿಗಳಿಗೆ ಒಂದು ಬಗೆಯ ನಾರನ್ನು ಕೊಟ್ಟಾಗ ಕರುಳಿನ ಸೂಕ್ಷ್ಮಜೀವಿಗಳು ಬದಲಾಗಿ, ತೂಕ ಇಳಿಯದೆಯೇ ಕೀಲಿನ ಹಾನಿ ಕಡಿಮೆಯಾದದ್ದು 2018ರಲ್ಲಿ ವರದಿಯಾಯಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೂರವಿದೆ.

ನೋವು ಎಲ್ಲಿರುತ್ತದೆ

ಎಕ್ಸ್‌ರೇಯಲ್ಲಿ ಬಹಳ ಸವೆದ ಮಂಡಿಯವರು ಆರಾಮವಾಗಿ ಓಡಾಡುವುದುಂಟು, ಅಲ್ಪ ಸವೆದವರು ಏಳಲಾರದೆ ನರಳುವುದೂ ಉಂಟು. ಮೃದ್ವಸ್ಥಿಯಲ್ಲಿ ನರವೇ ಇಲ್ಲವಾದ್ದರಿಂದ ನೋವು ಬರುವುದು ಎಲುಬು, ಒಳಪದರ, ಕೊಬ್ಬಿನ ಗದ್ದುಗೆ, ಕಟ್ಟುನಾರುಗಳಿಂದ. ಅಲ್ಲಿಂದ ಹೊರಟ ಸುದ್ದಿಯನ್ನು ಬೆನ್ನುಹುರಿ ಮತ್ತು ಮೆದುಳು ಏರಿಸುತ್ತವೆ ಇಲ್ಲವೇ ತಗ್ಗಿಸುತ್ತವೆ. ನಿದ್ದೆಗೆಟ್ಟವರಲ್ಲಿ, ಖಿನ್ನತೆಯಲ್ಲಿ, ದೀರ್ಘಕಾಲದ ಆತಂಕದಲ್ಲಿ ಅದು ಏರುತ್ತದೆ. ಸಾಲ, ಬೆಳೆಯ ಬೆಲೆ, ನಾಲೆಗೆ ನೀರು ಬರುತ್ತದೋ ಇಲ್ಲವೋ ಎಂಬ ಚಿಂತೆಗಳಿಂದ ಮೃದ್ವಸ್ಥಿ ಸವೆಯುವುದಿಲ್ಲ. ಆದರೆ ಸವೆದ ಮಂಡಿ ಎಷ್ಟು ನೋಯಬೇಕು ಎಂಬುದರಲ್ಲಿ ಅವುಗಳ ಕೈವಾಡವಿದೆ. ಇಂಥ ನೋವನ್ನು ಬರಿಯ ಕಲ್ಪನೆ ಎಂದು ತಳ್ಳಿಹಾಕುವುದು ರೋಗಿಗೆ ಮಾಡುವ ಅನ್ಯಾಯ. ನರಮಂಡಲದಲ್ಲಿ ಆಗುವ ಬದಲಾವಣೆ ನಿಜವಾದದ್ದು, ಅಳತೆಗೆ ಸಿಗುವಂಥದ್ದು.

ಎಲ್ಲ ಕೀಲುನೋವೂ ಕೀಲುಸವೆತವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 2006ರಲ್ಲಿ ಚಿಕುನ್‌ಗುನ್ಯ ಕರ್ನಾಟಕದ ಹಳ್ಳಿಹಳ್ಳಿಗಳಿಗೆ ಹಬ್ಬಿದಾಗ ಜ್ವರ ಇಳಿದರೂ ಎಷ್ಟೋ ಮಂದಿಯ ಕೀಲುನೋವು ತಿಂಗಳುಗಟ್ಟಲೆ ಉಳಿಯಿತು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಬಯಲುಸೀಮೆಯ ಊರುಗಳಲ್ಲಿ ಬೆನ್ನು, ಕೀಲು ಬಿಗಿಯುತ್ತವೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಬೆಳಕಿಗೆ ಬಂದ ಕಾಯಿಲೆ ವಂಶವಾಹಿಯಲ್ಲಿ ಬರುವಂಥದ್ದು, ಎಳೆಯ ವಯಸ್ಸಿನವರ ಸೊಂಟ ಮತ್ತು ಮಂಡಿಯ ಕೀಲುಗಳನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದಾಗ ಅರ್ಧ ಗಂಟೆಗೂ ಮೀರಿ ಬಿಗಿತ, ಹಲವು ಕೀಲುಗಳಲ್ಲಿ ಒಟ್ಟಿಗೆ ಊತ, ಜ್ವರ ಇದ್ದರೆ ಸವೆತವೆಂದು ಸುಮ್ಮನಾಗದೆ ರಕ್ತಪರೀಕ್ಷೆ ಮಾಡಿಸಬೇಕು.

ಮಂಡಿಯಿಂದ ಹೃದಯಕ್ಕೆ, ಮೂತ್ರಪಿಂಡಕ್ಕೆ

ಸಂಬಂಧ ಒಂದೇ ಮುಖವಾದದ್ದಲ್ಲ. ಮಂಡಿ ನೋಯುತ್ತದೆಂದು ನಡಿಗೆ ನಿಂತರೆ ಸಕ್ಕರೆ ಏರುತ್ತದೆ, ರಕ್ತದೊತ್ತಡ ಏರುತ್ತದೆ, ತೂಕ ಏರುತ್ತದೆ. ಸೊಂಟ ಮತ್ತು ಮಂಡಿಯ ಸವೆತದಿಂದ ನಡೆಯಲು ಕಷ್ಟಪಡುವವರಲ್ಲಿ ಸಾವಿನ ಪ್ರಮಾಣ, ಅದರಲ್ಲೂ ಹೃದ್ರೋಗದಿಂದ, ಹೆಚ್ಚೆಂದು ಬ್ರಿಟನ್ನಿನ 2011ರ ಅಧ್ಯಯನವೊಂದು ತೋರಿಸಿತು. ಜೀವ ತೆಗೆಯುವ ರೋಗವಲ್ಲ ಎಂದು ಕೀಲುಸವೆತವನ್ನು ಹಗುರವಾಗಿ ಕಾಣುವುದು ತಪ್ಪು.

ಎರಡನೆಯ ಅಪಾಯ ನೋವಿನ ಮಾತ್ರೆ. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡ ಡೈಕ್ಲೊಫಿನಾಕ್, ಅಸಿಕ್ಲೊಫಿನಾಕ್ ಮಾತ್ರೆಗಳು, ಗದ್ದೆಗೆ ಹೋಗುವ ಮುಂಚೆ ಚುಚ್ಚಿಸಿಕೊಳ್ಳುವ ಇಂಜೆಕ್ಷನ್ನು, ಇವು ಊತವನ್ನೂ ನೋವನ್ನೂ ತಗ್ಗಿಸುತ್ತವೆ ನಿಜ. ಜೊತೆಗೆ ಜಠರದಲ್ಲಿ ಹುಣ್ಣು ಮಾಡುತ್ತವೆ, ಉಪ್ಪುನೀರನ್ನು ಮೈಯಲ್ಲಿ ಹಿಡಿದಿಟ್ಟು ರಕ್ತದೊತ್ತಡ ಏರಿಸುತ್ತವೆ, ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ. ಬಿಪಿಗೆ ಎನಲಪ್ರಿಲ್ ಅಥವಾ ಟೆಲ್ಮಿಸಾರ್ಟನ್ ಗುಂಪಿನ ಮಾತ್ರೆ, ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ನೋವಿನ ಮಾತ್ರೆಯನ್ನೂ ನುಂಗಿದರೆ ಮೂರೂ ಸೇರಿ ಮೂತ್ರಪಿಂಡವನ್ನು ಕೆಲವೇ ದಿನಗಳಲ್ಲಿ ಕೆಡಿಸಬಲ್ಲವು. ಬಿಸಿಲಿನಲ್ಲಿ ಬೆವರು ಸುರಿಸಿ ದುಡಿಯುವ ಮೈಗೆ ಈ ಅಪಾಯ ಇನ್ನೂ ಹೆಚ್ಚು. ಮಂಡಿಗೆ ಹಚ್ಚುವ ನೋವಿನ ಜೆಲ್ ಇದಕ್ಕಿಂತ ಬಹಳ ಸುರಕ್ಷಿತ, ಮೊದಲು ಬಳಸಬೇಕಾದದ್ದು ಅದನ್ನೇ. ಹೆಸರು, ಚೀಟಿ ಇಲ್ಲದ ಪೊಟ್ಟಣದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತದ್ದು ದೇಶದಲ್ಲಿ ಮತ್ತೆ ಮತ್ತೆ ಪತ್ತೆಯಾಗಿದೆ. ಎರಡೇ ದಿನದಲ್ಲಿ ನೋವು ಮಾಯವಾಗುವುದು ಅದರಿಂದ, ತಿಂಗಳುಗಳಲ್ಲಿ ಸಕ್ಕರೆ ಏರಿ ಎಲುಬು ಟೊಳ್ಳಾಗುವುದೂ ಅದರಿಂದಲೇ. ಕೀಲಿಗೇ ಚುಚ್ಚುವ ಸ್ಟೆರಾಯ್ಡ್ ಕೆಲವು ವಾರ ಆರಾಮ ಕೊಡುತ್ತದೆ. ಆದರೆ ಎರಡು ವರ್ಷಗಳ ಕಾಲ ಮೂರು ತಿಂಗಳಿಗೊಮ್ಮೆ ಅದನ್ನು ಚುಚ್ಚಿಸಿಕೊಂಡವರ ಮೃದ್ವಸ್ಥಿ ಉಪ್ಪುನೀರು ಚುಚ್ಚಿಸಿಕೊಂಡವರಿಗಿಂತ ಹೆಚ್ಚು ಸವೆದಿತ್ತು, ನೋವಿನಲ್ಲಿ ವ್ಯತ್ಯಾಸವಿರಲಿಲ್ಲ ಎಂದು 2017ರ ಪ್ರಯೋಗ ತೋರಿಸಿತು.

ಏನು ಮಾಡಿದರೆ ಫಲ

ಅತಿ ಗಟ್ಟಿಯಾದ ಪುರಾವೆ ಇರುವುದು ತೂಕ ಇಳಿಸುವುದಕ್ಕೆ ಮತ್ತು ವ್ಯಾಯಾಮಕ್ಕೆ, ಎರಡೂ ಕೂಡಿದಾಗ. ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದಲ್ಲಿ 454 ಮಂದಿಯ ಮೇಲೆ ಹದಿನೆಂಟು ತಿಂಗಳು ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಥ್ಯ ಮತ್ತು ವ್ಯಾಯಾಮ ಎರಡನ್ನೂ ಪಾಲಿಸಿದವರು ಮೈತೂಕದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಇಳಿಸಿದರು. ಅವರ ನೋವು ಅರ್ಧದಷ್ಟಾಯಿತು, ರಕ್ತದ ಇಂಟರ್‌ಲ್ಯೂಕಿನ್-6 ಕೂಡ ಇಳಿಯಿತು. 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ತೂಕ ಇಳಿಸುವ ಸೆಮಗ್ಲುಟೈಡ್ ಎಂಬ ಔಷಧಿಯನ್ನು ವಾರಕ್ಕೊಮ್ಮೆ ಚುಚ್ಚಿಸಿಕೊಂಡ ಬೊಜ್ಜಿನ ರೋಗಿಗಳು 68 ವಾರದಲ್ಲಿ ತೂಕದ ಶೇ. 13.7ರಷ್ಟು ಕಳೆದುಕೊಂಡರು, ಮಂಡಿನೋವು ಹೋಲಿಕೆಯ ಗುಂಪಿಗಿಂತ ಸ್ಪಷ್ಟವಾಗಿ ಕಡಿಮೆಯಾಯಿತು. ಈ ದುಬಾರಿ ಔಷಧಿ ಹಳ್ಳಿಯ ರೋಗಿಯ ಕೈಗೆ ಎಟಕುವುದು ಕಷ್ಟ, ಆದರೆ ಮೈಯ ಕೊಬ್ಬು ಕರಗಿದರೆ ಮಂಡಿ ಹಗುರಾಗುತ್ತದೆ ಎಂಬುದನ್ನು ಅದೂ ಸಾರಿತು.

ಗದ್ದೆ ಕೆಲಸ ಮಾಡುವವರಿಗೆ ಬೇರೆ ವ್ಯಾಯಾಮವೇಕೆ ಎಂಬ ಪ್ರಶ್ನೆ ಹಳ್ಳಿಗಳಲ್ಲಿ ಸಹಜ. ದುಡಿಮೆ ಒಂದೇ ಭಂಗಿಯಲ್ಲಿ ಒಂದೇ ಕೀಲನ್ನು ದಣಿಸುತ್ತದೆ. ವ್ಯಾಯಾಮ ಆ ಕೀಲನ್ನು ಕಾಯುವ ಸ್ನಾಯುವನ್ನು ಬೆಳೆಸುತ್ತದೆ. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಚಾಚಿ ಹತ್ತು ಎಣಿಸುವವರೆಗೆ ಹಿಡಿಯುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಸಮನೆಲದಲ್ಲಿ ದಿನಕ್ಕೆ ಅರ್ಧ ಗಂಟೆ ನಡೆಯುವುದು ಸಾಕು. ಮೊದಲ ವಾರಗಳಲ್ಲಿ ಸ್ವಲ್ಪ ನೋವು ಹೆಚ್ಚಾದರೆ ಹೆದರಬೇಕಿಲ್ಲ, ಮಾರನೆಯ ದಿನಕ್ಕೆ ಇಳಿದರೆ ಸರಿ. ಬೆಂಗಳೂರಿನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಡಾ. ಜಾನ್ ಎಬನೇಜರ್ ಮತ್ತು ವಿವೇಕಾನಂದ ಯೋಗ ವಿಶ್ವವಿದ್ಯಾಲಯದ ಸಂಶೋಧಕರು 250 ಮಂಡಿಸವೆತದ ರೋಗಿಗಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಾಮೂಲಿ ವ್ಯಾಯಾಮದವರಿಗಿಂತ ಆಸನ, ಉಸಿರಾಟ, ವಿಶ್ರಾಂತಿ ಕೂಡಿದ ಯೋಗ ಮಾಡಿದವರ ನೋವು, ಬೆಳಗಿನ ಬಿಗಿತ, ಆತಂಕ ಮೂರೂ ಹೆಚ್ಚು ಇಳಿದವು. ಆತಂಕವೂ ಇಳಿದದ್ದು ಆಕಸ್ಮಿಕವಲ್ಲ. ವಿಟಮಿನ್ ಡಿ ಮತ್ತು ಗ್ಲುಕೋಸಮೈನ್ ಮಾತ್ರೆಗಳು, ದುರ್ಬೀನು ತೂರಿಸಿ ಕೀಲು ತೊಳೆಯುವ ಶಸ್ತ್ರಚಿಕಿತ್ಸೆ ಇವು ದೊಡ್ಡ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ.

ಮನೆಯೊಳಗಿನ ಕೆಲವು ಬದಲಾವಣೆ ಔಷಧಿಯಷ್ಟೇ ಮುಖ್ಯ. ಕಳೆ ಕೀಳಲು, ಹಾಲು ಕರೆಯಲು ಮಣೆಗಿಂತ ಎತ್ತರದ ಸ್ಟೂಲು, ನಿಂತು ಅಡುಗೆ ಮಾಡುವ ಕಟ್ಟೆ, ಶೌಚಕ್ಕೆ ಕೂರುವ ಪೀಠ ಅಥವಾ ಹಿಡಿದು ಏಳಲು ಗೋಡೆಗೊಂದು ಕಂಬಿ, ನೋಯುವ ಕಾಲಿನ ಎದುರು ಕೈಯಲ್ಲಿ ಕೋಲು. ಊರುಗೋಲು ಹಿಡಿಯುವುದು ಸೋಲೆಂದು ಎಷ್ಟೋ ಮಂದಿ ನಾಚುತ್ತಾರೆ. ನಾಚಿ ಮನೆಯಲ್ಲೇ ಕೂರುವುದಕ್ಕಿಂತ ಕೋಲು ಹಿಡಿದು ಸಂತೆಗೆ ಹೋಗುವುದು ಮಂಡಿಗೂ ಹೃದಯಕ್ಕೂ ಒಳ್ಳೆಯದು. ಮೂವತ್ತು ದಾಟಿದವರ ಬಿಪಿ, ಶುಗರ್ ಪರೀಕ್ಷೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಈ ಪರೀಕ್ಷೆಯನ್ನು ಮನೆ ಬಾಗಿಲಿಗೆ ತರುತ್ತದೆ. ಅದೇ ಭೇಟಿಯಲ್ಲಿ ಮಂಡಿನೋವನ್ನೂ ಕೇಳಿ, ಸೊಂಟ ಅಳೆದು, ಎರಡು ವ್ಯಾಯಾಮ ಹೇಳಿಕೊಟ್ಟರೆ ಹೆಚ್ಚಿನ ಖರ್ಚಿಲ್ಲದೆ ಬಹಳ ಕೆಲಸ ಆಗುತ್ತದೆ.

ಇಷ್ಟಕ್ಕೂ ಬಗ್ಗದ ಮಂಡಿಗೆ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆಯಿದೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಗಳ ಬೆಲೆಗೆ ಮಿತಿ ಹಾಕಿದ ಮೇಲೆ ಅದು ಹೆಚ್ಚು ಜನರಿಗೆ ಎಟಕುವಂತಾಯಿತು. ಹಾಕಿದ ಕೀಲುಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು 25 ವರ್ಷ ಬಾಳುತ್ತವೆ. ಆದರೆ ಶಸ್ತ್ರಚಿಕಿತ್ಸೆಯ ಯಶಸ್ಸೂ ಮೈಯ ಆರೋಗ್ಯವನ್ನೇ ನೆಚ್ಚಿದೆ. ಹತೋಟಿಯಲ್ಲಿಲ್ಲದ ಸಕ್ಕರೆ, ತಂಬಾಕು, ಅತಿ ಬೊಜ್ಜು ಕೀಲಿಗೆ ಸೋಂಕು ತಗಲುವ ಸಂಭವ ಹೆಚ್ಚಿಸುತ್ತವೆ. ರಕ್ತಹೀನತೆ ಇದ್ದರೆ ಮೊದಲೇ ಸರಿಪಡಿಸಬೇಕು, ಹಲ್ಲು ಮತ್ತು ಮೂತ್ರದ ಸೋಂಕಿಗೆ ಮೊದಲೇ ಚಿಕಿತ್ಸೆ ಆಗಬೇಕು. ಒಳ್ಳೆಯ ಶಸ್ತ್ರಚಿಕಿತ್ಸೆಯ ನಂತರವೂ ಐದರಲ್ಲಿ ಒಬ್ಬರಿಗೆ ನೋವು ಉಳಿಯುತ್ತದೆ. ಮೊದಲೇ ಖಿನ್ನತೆ ಇದ್ದವರು, ಮೈಯ ಬೇರೆ ಕಡೆಗಳಲ್ಲೂ ನೋವಿದ್ದವರು ಇವರಲ್ಲಿ ಹೆಚ್ಚು. ಇವುಗಳನ್ನು ದಿನಾಂಕ ಗೊತ್ತುಮಾಡುವ ಮೊದಲೇ ಕೇಳಿ ತಿಳಿಯಬೇಕು. ತೊಡೆಯ ವ್ಯಾಯಾಮವನ್ನು ಕನಿಷ್ಠ ಒಂದೆರಡು ತಿಂಗಳು ಮೊದಲೇ ಶುರುಮಾಡಿದವರು ಹಾಸಿಗೆಯಿಂದ ಬೇಗ ಏಳುತ್ತಾರೆ. ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ನಡಿಗೆ ಶುರುವಾಗಬೇಕು, ಮುಂದಿನ ಮೂರು ತಿಂಗಳು ದಿನವೂ ಮಂಡಿ ಮಡಿಸುವ, ಚಾಚುವ ಅಭ್ಯಾಸ ನಡೆಯಬೇಕು. ಆಮೇಲೂ ಕುಕ್ಕರುಗಾಲು ಮತ್ತು ತಲೆಹೊರೆ ಬೇಡ, ಗದ್ದೆಯ ಬದುವಿನ ಮೇಲೆ ನಡೆದಾಡಲು ಅಡ್ಡಿಯಿಲ್ಲ.